ಈ ರೋಮನ್ ಬ್ರೂಚ್ ಕ್ರಿ.ಶ. 43ಕ್ಕೆ ಮುಂಚಿನದಾ, ಆಮೇಲಿನದಾ?

ಹೊಸ ಕಿವಿ:
ಭಾನುವಾರ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಉತ್ತ ಹೊಲವೊಂದರಲ್ಲಿ ಮೆಟಲ್ ಡಿಟೆಕ್ಟರ್ ಆಡಿಸುತ್ತಿದ್ದೆ. ಗೇಣುದ್ದ ಅಗೆದಾಗ ಹಸಿರು ಕಿಲುಬಿನ ತುಂಡೊಂದು ಸಿಕ್ಕಿತು. ಯಾವುದೋ ಟ್ರ್ಯಾಕ್ಟರ್ ಭಾಗ ಅಂದುಕೊಂಡು ಕಸದ ಜೇಬಿಗೆ ಹಾಕಿದ್ದೆ! ಮನೆಯಲ್ಲಿ ನೋಡಿದರೆ ಬ್ರೂಚ್, ಅಂದರೆ ಬಟ್ಟೆಗೆ ಚುಚ್ಚುವ ಪಿನ್. 4 ಸೆಂ.ಮೀ. ಉದ್ದ, ಬಿಲ್ಲಿನ ಹಾಗೆ ಬಾಗಿದೆ. ಸೂಜಿ, ಸ್ಪ್ರಿಂಗ್ ಎರಡೂ ಇಲ್ಲ. ತಲೆಯ ಹಿಂದೆ ಚಿಕ್ಕದೊಂದು ಕಿವಿ, ಅದರಲ್ಲಿ ಮೇಲೊಂದು ಕೆಳಗೊಂದು ತೂತು. ಗೆಳೆಯ ನೋಡಿ, 'ಕೋಲ್ಚೆಸ್ಟರ್ ಅನ್ನುವ ಬಗೆಯ ಬ್ರೂಚ್, 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿಗೆ ಬರುವುದಕ್ಕೂ ಮುಂಚಿನದು' ಅಂದ. ಹೌದಾ? ವಿನೆಗರ್‌ನಲ್ಲಿ ತೊಳೆಯಲಾ?

ಹಳೇ ಗುದ್ದಲಿ:
ಅಯ್ಯೋ, ವಿನೆಗರ್ ಬೇಡ! ನನ್ನ ಮೊದಲ ಬ್ರೂಚನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿದ್ದೆ. ಬೆಳಿಗ್ಗೆ ಹಸಿರೂ ಇಲ್ಲ, ಅಂಚಿನ ಗೀರುಗಳೂ ಇಲ್ಲ. ಆ ಹಸಿರು ಪದರದಲ್ಲೇ ಕೆತ್ತನೆ ಉಳಿದಿರುತ್ತದೆ.

ಇನ್ನು ಕಾಲ. ಎಲ್ಲರೂ ಬಿಲ್ಲಿನ ಆಕಾರ ನೋಡುತ್ತಾರೆ, ನಾನು ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ಸೂಜಿ ಹೇಗೆ ಕೂತಿತ್ತು ಅನ್ನುವುದೇ ಮುಖ್ಯ. ಅಸಲಿ ಕೋಲ್ಚೆಸ್ಟರ್ ಒಂದೇ ಲೋಹದ ತುಂಡು. ಬಿಲ್ಲಿನ ಲೋಹವನ್ನೇ ತಂತಿಯಾಗಿ ಎಳೆದು ಸ್ಪ್ರಿಂಗ್ ಸುತ್ತಿ, ಅದನ್ನೇ ಸೂಜಿ ಮಾಡಿರುತ್ತಾರೆ. ಸ್ಪ್ರಿಂಗಿನ ತಂತಿಯನ್ನು ಮುಂದಕ್ಕೆ ಬಾಗಿದ ಕೊಕ್ಕೆ ಹಿಡಿದಿರುತ್ತದೆ.

ನಿಮ್ಮದರಲ್ಲಿ ಕಿವಿ ಇದೆ, ಎರಡು ತೂತು ಇವೆ. ಅಂದರೆ ಸ್ಪ್ರಿಂಗ್ ಬೇರೆಯಾಗಿ ಮಾಡಿ ಸೇರಿಸಿದ್ದು. ಕೆಳಗಿನ ತೂತಿನಲ್ಲಿ ಅಡ್ಡಕಡ್ಡಿ, ಮೇಲಿನದರಲ್ಲಿ ಸ್ಪ್ರಿಂಗಿನ ತಂತಿ. ಇದನ್ನು ಕೋಲ್ಚೆಸ್ಟರ್ ಡೆರಿವೇಟಿವ್ ಅನ್ನುತ್ತಾರೆ, ಅಂದರೆ ಕೋಲ್ಚೆಸ್ಟರ್‌ನಿಂದ ಆಮೇಲೆ ಹುಟ್ಟಿದ ಬಗೆ. ಗೆಳೆಯ ಕುಟುಂಬ ಸರಿಯಾಗಿ ಹಿಡಿದಿದ್ದಾರೆ, ತಲೆಮಾರು ತಪ್ಪಿದ್ದಾರೆ. 1ನೇ ಶತಮಾನದ ಎರಡನೇ ಅರ್ಧ ಅಂತ ಬರೆದುಕೊಳ್ಳಿ.

ಮಣ್ಣಿನ ಬೂಟು:
ಸರಿ. ಸ್ಪ್ರಿಂಗ್ ಬದಲು ಕೀಲು ಇದ್ದಿದ್ದರೆ ಹಾಡ್ ಹಿಲ್ ಅನ್ನುವ ಇನ್ನೊಂದು ಬಗೆಯ ಬ್ರೂಚ್ ಅಂತ ಅನುಮಾನಪಡಬಹುದಿತ್ತು. ಅವು 43ರಲ್ಲಿ ಸೈನ್ಯದ ಜೊತೆ ಬಂದವು, 70ರ ಹೊತ್ತಿಗೆ ಹೆಚ್ಚುಕಡಿಮೆ ಮಾಯ. ಅಷ್ಟು ಚಿಕ್ಕ ಅವಧಿ ಸಿಕ್ಕರೆ ಹಬ್ಬ ಅಲ್ವಾ!

ಹೊಸ ಕಿವಿ:
ಲೆನ್ಸ್ ಇಟ್ಟು ನೋಡಿದೆ. ಮೇಲಿನ ತೂತಿನಲ್ಲಿ ತಂತಿಯ ಚೂರು ಸಿಕ್ಕಿಕೊಂಡಿದೆ! ಇದನ್ನು ಸರ್ಕಾರಕ್ಕೆ ಕೊಡಬೇಕಾ?

ಹಳೇ ಗುದ್ದಲಿ:
ಒಂಟಿ ತಾಮ್ರಮಿಶ್ರ ಬ್ರೂಚ್ ಸಾಮಾನ್ಯವಾಗಿ 1996ರ ಟ್ರೆಷರ್ (ನಿಧಿ) ಕಾಯ್ದೆಗೆ ಬರುವುದಿಲ್ಲ. ಆದರೂ ನಿಮ್ಮ ಕೌಂಟಿಯ ಫೈಂಡ್ಸ್ ಲಯೇಸನ್ ಆಫೀಸರ್‌ಗೆ ತೋರಿಸಿ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಾಗುತ್ತದೆ. ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಗ್ರಿಡ್ ನಂಬರ್ ಇದೆ ತಾನೇ?

ಹೊಸ ಕಿವಿ:
ಕಸದ ಜೇಬಿಗೆ ಹಾಕಿದ್ದೆ ಅಂದೆನಲ್ಲ... 'ಓಕ್ ಮರದಿಂದ ಸುಮಾರು 30 ಹೆಜ್ಜೆ' ಅಂದರೆ ನಡೆಯುತ್ತಾ?