ಟೊಮೆಟೊ ಕುಕ್ಕೋ ಹಕ್ಕಿ, ಬೀನ್ಸ್ ಮೊಳಕೆ ಕೀಳೋ ನವಿಲು: ಬಲೆಯೋ, ರಿಬ್ಬನ್ನೋ?

ಚಿಂತಾಮಣಿ ಕಡೆಯವನು:
ಜಮೀನು ಇಪ್ಪತ್ತು ಗುಂಟೆ. ಅರ್ಧಕ್ಕೆ ಟೊಮೆಟೊ ಇದೆ, ಕಡ್ಡಿ ಕಟ್ಟಿದ್ದಾಗಿದೆ, ಮೊದಲ ಗೊಂಚಲು ಬಣ್ಣ ತಿರುಗ್ತಿದೆ. ಇನ್ನರ್ಧಕ್ಕೆ ಬೀನ್ಸ್ ಬಿತ್ತಬೇಕು. ಟೊಮೆಟೊ ಹಣ್ಣಲ್ಲಿ ತೂತು ಬೀಳ್ತಿವೆ. ಪಕ್ಕದ ಹೊಲದಲ್ಲಿ ಬೀನ್ಸ್ ಮೊಳಕೆ ಸಾಲುಸಾಲೇ ಹೋಗಿದೆ, ನವಿಲು ಅಂತಾರೆ. ಅಂಗಡಿಯವರು ಪೂರ್ತಿ ಬಲೆ ಹಾಕಿ ಅಂತಾರೆ, ಇನ್ನೊಬ್ಬರು ಹೊಳೆಯೋ ರಿಬ್ಬನ್ ಸಾಕು ಅಂತಾರೆ. ದುಡ್ಡು ಯಾವುದಕ್ಕೆ ಹಾಕೋದು?

ಹಕ್ಕಿ ಲೆಕ್ಕ:
ದುಡ್ಡಿನ ಮಾತು ಆಮೇಲೆ. ತೂತು ಮಾಡಿದ್ದು ಯಾರು ಅಂತ ಮೊದಲು ಗೊತ್ತಾಗಲಿ. ದುಂಡಗಿನ ತೂತು, ಬಾಯಲ್ಲಿ ಹಿಕ್ಕೆ ಇದ್ದರೆ ಅದು ಕಾಯಿಕೊರಕ ಹುಳ. ನೆಲಕ್ಕೆ ಹತ್ತಿರದ ಹಣ್ಣಲ್ಲಿ ಜೋಡಿ ಹಲ್ಲಿನ ಗೀರು ಕಂಡರೆ ಇಲಿ. ಮೇಲ್ಗಡೆ ಗೊಂಚಲಲ್ಲಿ, ಅದೂ ಬಣ್ಣ ಬಂದ ಹಣ್ಣಲ್ಲೇ, ಅಂಚು ಹರಿದ ಆಳವಾದ ಗುಳಿ ಇದ್ದರೆ ಪಿಕಳಾರ ಇಲ್ಲವೇ ಗೊರವಂಕ. ಸಂಜೆ ಒಂದು ಸಾಲು ಪೂರ್ತಿ ನೋಡಿ ಕುಕ್ಕಿದ್ದನ್ನೆಲ್ಲ ಕಿತ್ತುಬಿಡಿ. ಬೆಳಗ್ಗೆ ಬೆಳಕು ಹರಿಯೋ ಮುಂಚೆ ಒಮ್ಮೆ, ಒಂಬತ್ತು ಗಂಟೆಗೆ ಇನ್ನೊಮ್ಮೆ ನೋಡಿ. ಹೊಸ ಗಾಯ ಯಾವಾಗ ಆಯ್ತು ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ರಾತ್ರಿ ಹೊತ್ತು ಆಗಿದ್ದರೆ ಹಕ್ಕಿಬಲೆಗೆ ಸುರಿಯೋ ದುಡ್ಡು ದಂಡ.

ಬಯಲುಸೀಮೆ:
ಪಿಕಳಾರ ಆದರೆ ರಿಬ್ಬನ್ ಸಾಕಣ್ಣ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ ಇರೋದನ್ನೇ ತಗೊಳ್ಳಿ. ಗಿಡದ ನೆತ್ತಿಗಿಂತ ಒಂದಡಿ ಮೇಲೆ, ಐದು ಮೀಟರಿಗೆ ಒಂದು ಸಾಲಿನಂತೆ ಉತ್ತರ–ದಕ್ಷಿಣಕ್ಕೆ ಎಳೀರಿ. ಹತ್ತು ಗುಂಟೆ ಅಂದ್ರೆ ಹೆಚ್ಚುಕಮ್ಮಿ 32 ಮೀಟರ್ ಚೌಕ, ಏಳು ಸಾಲು, 250 ಮೀಟರ್ ರಿಬ್ಬನ್. ಕಂಬದಿಂದ ಕಂಬಕ್ಕೆ ಹತ್ತು ಮೀಟರ್ ದಾಟಬಾರದು, ಪ್ರತಿ ಅಂಕಣದಲ್ಲಿ ನಾಲ್ಕೈದು ಸುತ್ತು ತಿರುಚಿ ಕಟ್ಟಬೇಕು. ತಿರುಚದೆ ಕಟ್ಟಿದರೆ ಮಿನುಗಲ್ಲ, ಗಾಳಿಗೆ ಗುಂಯ್ ಅನ್ನಲ್ಲ. ಬಿಗಿ ಹೆಚ್ಚಾದರೆ ಅದುರಲ್ಲ, ಸಡಿಲ ಆದರೆ ಕಡ್ಡಿಗೆ ಸುತ್ಕೊಂಡು ಹರಿಯುತ್ತೆ.

ಬಲೆ ಕೆಲಸ:
ಕಟ್ಟೋ ಕ್ರಮ ಸರಿಯಾಗಿದೆ, "ಸಾಕು" ಅನ್ನೋದು ಸರಿಯಿಲ್ಲ. ಒಂದೆರಡು ವಾರದಲ್ಲಿ ಹಕ್ಕಿ ಒಗ್ಗಿಹೋಗುತ್ತೆ. ಮೋಡ ಕವಿದ ದಿನ, ಗಾಳಿ ನಿಂತ ದಿನ, ಮರದ ನೆರಳಲ್ಲಿ ಅದು ಬರೀ ದಾರ. ಟೊಮೆಟೊ ಕೊಯ್ಲು ತಿಂಗಳಿಗೂ ಮೇಲೆ ನಡೆಯುತ್ತೆ.

ಬಯಲುಸೀಮೆ:
ಅದಕ್ಕೇ ನಾಟಿ ಮಾಡಿದ ದಿನವೇ ಕಟ್ಟಬಾರದು ಅನ್ನೋದು. ಹಣ್ಣು ತಿರುಗೋಕೆ ಎರಡು ದಿನ ಇದೆ ಅನ್ನುವಾಗ ಕಟ್ಟಿ. ಕುಕ್ಕೋದು ಮತ್ತೆ ಶುರುವಾದರೆ ಬಿಚ್ಚಿ ನಾಲ್ಕೈದು ದಿನ ಬಿಟ್ಟು ಬೇರೆ ಎತ್ತರಕ್ಕೆ ಕಟ್ಟಿ. ಬೆರ್ಚಪ್ಪನಿಗೂ ಇದೇ ನಿಯಮ: ಒಂದೇ ಜಾಗದಲ್ಲಿ ನಿಂತ ಬೆರ್ಚಪ್ಪನ ತಲೆ ಮೇಲೆ ಕಾಗೆ ಕೂತಿರುತ್ತೆ.

ತಾರಸಿ ಕೈತೋಟ:
ನಾನು ಬೆಂಗಳೂರು, ತಾರಸಿ ಮೇಲಿನ ಕುಂಡಗಳ ಲೆಕ್ಕ. ಮೆಣಸಿನಕಾಯಿ–ಬೆಳ್ಳುಳ್ಳಿ ಕಷಾಯ ಸಿಂಪಡಿಸಿದರೆ ಖಾರಕ್ಕೆ ಹಕ್ಕಿ ಹತ್ತಿರ ಬರಲ್ಲ ಅಂತ ಎಲ್ಲಾ ಗುಂಪುಗಳಲ್ಲೂ ಬರೀತಾರೆ. ಹೊಲಕ್ಕೂ ಆಗಬಹುದಲ್ಲ? ಇನ್ನು ಮನುಷ್ಯರಿಗೆ ಕೇಳಿಸದ ಶಬ್ದ ಮಾಡೋ ಯಂತ್ರ ಕೂಡ ಬಂದಿದೆ.

ಹಕ್ಕಿ ಲೆಕ್ಕ:
ಮೇಡಂ, ಎರಡೂ ಆಗಲ್ಲ. ಮೆಣಸಿನ ಖಾರ ಹಕ್ಕಿಗೆ ತಗಲೋದೇ ಇಲ್ಲ. ಖಾರ ಮುಟ್ಟಿಸೋ ಕ್ಯಾಪ್ಸೈಸಿನ್‌ಗೆ ಸ್ಪಂದಿಸೋ ಗ್ರಾಹಕ ನಮ್ಮಲ್ಲಿ, ಇಲಿಯಲ್ಲಿ, ಅಳಿಲಲ್ಲಿ ಕೆಲಸ ಮಾಡುತ್ತೆ, ಹಕ್ಕಿಯಲ್ಲಿ ಮಾಡಲ್ಲ. ಗಿಳಿ ಹಣ್ಣು ಮೆಣಸಿನಕಾಯಿ ಆರಾಮಾಗಿ ತಿನ್ನೋದು ಅದಕ್ಕೇ, ಕಾಡಿನಲ್ಲಿ ಮೆಣಸಿನ ಬೀಜ ಹರಡೋದೂ ಹಕ್ಕಿಗಳೇ. ಕಷಾಯ ಹೊಡೆದು ಹಾನಿ ನಿಂತಿದ್ದರೆ ಕುಕ್ಕುತ್ತಿದ್ದದ್ದು ಅಳಿಲು ಇರಬೇಕು. ಯಂತ್ರದ ವಿಷಯ: ಅದರ ಶಬ್ದ 20 ಕಿಲೋಹರ್ಟ್ಸ್‌ಗಿಂತ ಮೇಲೆ. ಹೆಚ್ಚಿನ ಹಕ್ಕಿಗಳ ಕಿವಿ ಅಷ್ಟು ದೂರ ಹೋಗೋದೇ ಇಲ್ಲ, ನಮಗಿಂತ ಕಡಿಮೆ. ನಮಗೆ ಕೇಳಿಸದ್ದು ಅವಕ್ಕೂ ಕೇಳಿಸಲ್ಲ.

ತಾರಸಿ ಕೈತೋಟ:
ಹಾಗಾದ್ರೆ ಕುಂಡಕ್ಕೆ ಏನು ಮಾಡೋದು?

ಬಲೆ ಕೆಲಸ:
ಕುಂಡಕ್ಕೆ ಜಾಲರಿ ಚೀಲ. ಕಾಯಿ ಪೂರ್ತಿ ದಪ್ಪವಾಗಿ ಇನ್ನೂ ಹಸಿರಿದ್ದಾಗಲೇ ಇಡೀ ಗೊಂಚಲಿಗೆ ತೊಡಿಸಿ ತೊಟ್ಟಿನ ಹತ್ತಿರ ದಾರ ಎಳೀರಿ. ಚೀಲ ಹಣ್ಣಿಗೆ ಅಂಟಿಕೊಂಡಿದ್ದರೆ ಹಕ್ಕಿ ಬಟ್ಟೆ ಮೇಲಿಂದಲೇ ಕುಕ್ಕುತ್ತೆ, ಆದ್ದರಿಂದ ಒಂದು ಅಳತೆ ದೊಡ್ಡದೇ ಇರಲಿ. ಸೊಪ್ಪಿನ ಮಡಿಗೆ ಕಮಾನು: ಮೂರಡಿ ಅಗಲದ ಮಡಿ ಆದರೆ ಏಳಡಿ ಉದ್ದದ ಅರ್ಧ ಇಂಚಿನ ಪೈಪು ಬಗ್ಗಿಸಿ, ಎರಡೂ ಕಡೆ ಒಂದಡಿ ಮಣ್ಣಿಗೆ ಹೋದರೆ ನಡುವೆ ಒಂದೂವರೆ ಅಡಿ ಎತ್ತರ ಸಿಗುತ್ತೆ. ಮೇಲೆ ಬಲೆ ಹೊದಿಸಿ.

ಧಾರವಾಡದಾಂವ:
ಎಲ್ಲಾರೂ ಹಕ್ಕಿ ಓಡಸೂದನ್ನ ಹೇಳಾಕತ್ತೀರಿ. ಕಾಯಿಕೊರಕ ಹುಳಾ ತಿನ್ನೋವು ಯಾವು ಮತ್ತ? ಕಾಜಾಣ, ಗೊರವಂಕ ಇವs. ತೊಗರಿ ಹೊಲದಾಗ ಅರಿಶಿಣ ಹಚ್ಚಿದ ಚುರುಮುರಿ ಚೆಲ್ಲಿ ಹಕ್ಕಿ ಕರಸ್ತೀವಿ. ಟೊಮೆಟೊದಾಗೂ ಟಿ ಆಕಾರದ ಕಟ್ಟಿಗಿ ನೆಡ್ರಿ, ಎಕರೆಕ ಇಪ್ಪತ್ತು, ಬೆಳಿಗಿಂತ ಎರಡಡಿ ಮ್ಯಾಲ. ಔಷಧ ಹೊಡಿಯೂದು ಕಡಿಮಿ ಆಗತೈತಿ.

ಬಲೆ ಕೆಲಸ:
ತೊಗರಿ ಬೇರೆ, ಟೊಮೆಟೊ ಬೇರೆ ರೀ. ಹಣ್ಣು ತಿರುಗಿದ ಮೇಲೂ ಆ ಕಟ್ಟಿಗೆ ಅಲ್ಲೇ ಇದ್ದರೆ ಗೊರವಂಕ ಹುಳ ಬಿಟ್ಟು ಹಣ್ಣಿಗೇ ಇಳಿಯುತ್ತೆ.

ಧಾರವಾಡದಾಂವ:
ತಿರುಗೂ ಮುಂದ ಕಿತ್ತು ಒಗೀರಿ, ಬ್ಯಾಡ ಅಂದೋರು ಯಾರು? ಹೂವಿಂದ ಹಸರ ಕಾಯಿ ತನಕಾ ಇರಲಿ. ಹುಳದ ಕಾಟ ಇರೂದೂ ಆವಾಗs. ಕಾಜಾಣ ಅಂತೂ ಹಣ್ಣಿನ ತಂಟೆಕ್ಕs ಹೋಗೂದಿಲ್ಲ, ಮ್ಯಾಲ ಕಾಗಿ ಬಂದ್ರ ಬೆನ್ನಹತ್ತಿ ಓಡಸತೈತಿ.

ಹಕ್ಕಿ ಲೆಕ್ಕ:
ಇದರಲ್ಲಿ ನಾನು ಧಾರವಾಡದವರ ಕಡೆ. ಬೆಳೆ ಒಂದೇ ಆದರೂ ಹಂತ ಬದಲಾದ ಹಾಗೆ ಅದೇ ಹಕ್ಕಿ ಒಮ್ಮೆ ಬೇಕು, ಒಮ್ಮೆ ಬೇಡ.

ಚಿಂತಾಮಣಿಯವರೇ, ಖರ್ಚಿಲ್ಲದ ಒಂದು ದಾರಿ ಯಾರೂ ಹೇಳಲಿಲ್ಲ. ಪಿಕಳಾರ ನೋಡೋದು ಬಣ್ಣ. ಹಣ್ಣಿನ ತುದಿಯಲ್ಲಿ ಬಣ್ಣ ತಿರುಗಿದ ಕೂಡಲೇ ಕಿತ್ತರೆ ಗಿಡದಲ್ಲಿ ಕೆಂಪೇ ಉಳಿಯಲ್ಲ. ದೂರದ ಮಾರುಕಟ್ಟೆಗೆ ಹೇಗೂ ಆ ಹಂತದಲ್ಲೇ ಕೀಳ್ತಾರೆ. 20–25 ಡಿಗ್ರಿಯಲ್ಲಿ ನೆರಳಲ್ಲಿಟ್ಟರೆ ಚೆನ್ನಾಗಿ ಕೆಂಪಾಗುತ್ತೆ. 30 ದಾಟಿದ ತಗಡಿನ ಶೆಡ್ಡಲ್ಲಿಟ್ಟರೆ ಮಾತ್ರ ಹಳದಿ–ಕಿತ್ತಳೆ ಬಣ್ಣದಲ್ಲೇ ನಿಲ್ಲುತ್ತೆ, ರೇಟು ಬೀಳುತ್ತೆ. ಕೊಯ್ಲು ಸಂಜೆ ಇಟ್ಟುಕೊಳ್ಳಿ, ಹಕ್ಕಿಯ ಜೋರು ಬೆಳಗಿನ ಮೊದಲ ಎರಡು ಮೂರು ಗಂಟೆ. ಕುಕ್ಕಿದ ಹಣ್ಣನ್ನು ಗಿಡದಲ್ಲಿ ಬಿಡಬೇಡಿ, ಬದುವಿನ ಮೇಲೂ ಎಸೆಯಬೇಡಿ. ಬೇಸಿಗೆಯಲ್ಲಿ ಹಕ್ಕಿ ಕುಕ್ಕೋದರಲ್ಲಿ ನೀರಿನ ಆಸೆಯೂ ಇರುತ್ತೆ, ಹೊಲದಿಂದ ದೂರಕ್ಕೆ ನೀರಿನ ತೊಟ್ಟಿ ಇಟ್ಟರೆ ಸ್ವಲ್ಪ ತಗ್ಗುತ್ತೆ, ಪೂರ್ತಿ ನಿಲ್ಲಲ್ಲ.

ಚಿಂತಾಮಣಿ ಕಡೆಯವನು:
ಬೆಳಗ್ಗೆ ನೋಡಿದೆ, ಪಿಕಳಾರವೇ. ಹಾನಿ ಹೆಚ್ಚಾಗಿ ಹೊಂಗೆ ಮರದ ಪಕ್ಕದ ನಾಲ್ಕು ಸಾಲಲ್ಲಿ. ಒಂದು ವೇಳೆ ಬಲೆ ಹಾಕಿದರೆ ಎಷ್ಟು ಬೇಕು?

ಬಲೆ ಕೆಲಸ:
ಹತ್ತು ಗುಂಟೆಗೆ ಏಳಡಿ ಎತ್ತರದ ಲೆಕ್ಕ: ಮೇಲ್ಭಾಗ 1,024 ಚದರ ಮೀಟರ್, ನಾಲ್ಕು ಬದಿ ಸೇರಿ ಸುಮಾರು 270, ಸೆಳೆತ–ಮಡಿಕೆಗೆ ಶೇಕಡಾ 10 ಹೆಚ್ಚು. ಒಟ್ಟು 1,420ರ ಆಸುಪಾಸು. ಕಂಬ ಎಂಟು ಮೀಟರಿಗೊಂದರಂತೆ 25. ಅಂಚಿಗೆ ದಪ್ಪದ 12 ಗೇಜ್ ತಂತಿ, ಒಳಗೆ ಅದಕ್ಕಿಂತ ತೆಳುವಾದ 14 ಗೇಜ್. ಮೂಲೆ ಕಂಬಕ್ಕೆ ಹೊರಗಿನಿಂದ ಎಳೆತಂತಿ ಕೊಡದಿದ್ದರೆ ಮೊದಲ ಮಳೆಗಾಳಿಗೇ ಒಳಕ್ಕೆ ಬಾಗುತ್ತೆ. ಕಂಬದ ತುದಿಗೆ ಹಳೇ ಪ್ಲಾಸ್ಟಿಕ್ ಬಾಟಲಿ ತೊಡಿಸಿ, ಇಲ್ಲಾಂದ್ರೆ ಬಲೆ ಹರಿಯೋದು ಅಲ್ಲಿಂದಲೇ. ಪಿಕಳಾರಕ್ಕೆ 20 ಮಿಲಿಮೀಟರ್ ಕಣ್ಣು ಸಾಕು, ಗುಬ್ಬಿ–ರಾಟವಾಳ ಇದ್ದರೆ 15. ಬಿಸಿಲು ತಡೆಯೋ ಗುಣ ಇರೋ ದಪ್ಪ ಎಳೆಯದ್ದೇ ಕೇಳಿ. ಗಿಡಕ್ಕೂ ಬಲೆಗೂ ಒಂದಡಿ ಅಂತರ ಬೇಕು, ತಾಗಿಕೊಂಡಿದ್ದರೆ ಹೊರಗೆ ಕೂತೇ ಕುಕ್ಕುತ್ತೆ.

ಆದರೆ ನಾಲ್ಕು ಸಾಲಿನ ಹಾನಿಗೆ ಇಷ್ಟು ಬೇಡ ಅಂತ ನಾನೇ ಹೇಳ್ತೀನಿ. ಆ ನಾಲ್ಕು ಸಾಲಿಗೆ, ಮರದ ಕಡೆ ಬದಿ ಸೇರಿಸಿ, ಚಪ್ಪರದ ಹಾಗೆ ಹಾಕಿ. ಉಳಿದದ್ದಕ್ಕೆ ಬಯಲುಸೀಮೆಯವರ ರಿಬ್ಬನ್ ನಡೆಯುತ್ತೆ.

ಹಕ್ಕಿ ಲೆಕ್ಕ:
ಬದಿಯ ಬಲೆ ನೆಲಕ್ಕೆ ರಾಶಿ ಬೀಳದಂತೆ ನೋಡಿ. ಕೇರೆ ಹಾವು ಅದರಲ್ಲಿ ಸಿಕ್ಕಿ ಸಾಯುತ್ತೆ, ಆಮೇಲೆ ಇಲಿ ಹೆಚ್ಚುತ್ತೆ. ಕೆಳಗಿನ ಎರಡಡಿಗೆ ಹಕ್ಕಿಬಲೆ ಬದಲು ಶೇಡ್ ನೆಟ್ ಹೊಲಿಸಿ, ಅಂಚನ್ನು ಮಣ್ಣಲ್ಲಿ ಮುಚ್ಚಿ. ಅದರ ಕಣ್ಣಿಗೆ ಹಾವಿನ ತಲೆ ತೂರಲ್ಲ. ಕೂದಲೆಳೆಯಂಥ ಕಪ್ಪು ಬಲೆ ಅಗ್ಗ ಅಂತ ತರಬೇಡಿ, ಅದು ಹಕ್ಕಿಗೆ ಕಾಣಿಸದೆ ಕೊರಳಿಗೆ ಬೀಳುತ್ತೆ. ದಿನಕ್ಕೆರಡು ಸಲ ಬಲೆ ನೋಡಿ ಸಿಕ್ಕಿದ್ದನ್ನು ಬಿಡಿಸಬೇಕು.

ಚಿಂತಾಮಣಿ ಕಡೆಯವನು:
ಬೀನ್ಸಿಗೆ? ಊರಲ್ಲಿ ಒಬ್ಬರು ಕಾಳಿಗೆ ಔಷಧ ಸವರಿ ಚೆಲ್ಲಿ ಅಂದ್ರು.

ಹಕ್ಕಿ ಲೆಕ್ಕ:
ಆ ಮಾತು ಬಿಟ್ಟುಬಿಡಿ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ವಿಷದ ಕಾಳು ತಿಂದು ಊರ ಕೋಳಿ, ಬೆಳವ, ನಾಯಿ ಕೂಡ ಸಾಯ್ತವೆ. ಬೇಲಿಗೆ ನೇರ ಕರೆಂಟ್ ಕೊಡೋದೂ ಅಪರಾಧ, ಮನುಷ್ಯರೇ ಸಾಯ್ತಾರೆ.

ಬೀನ್ಸಿಗೆ ಅಪಾಯ ಎರಡು ವಾರ ಮಾತ್ರ. ಅದರ ಬೇಳೆ ಎರಡೂ ಮಣ್ಣಿಂದ ಮೇಲೆ ಬರುತ್ತೆ, ಹಕ್ಕಿಗೆ ಬೇಕಾದ್ದು ಅದೇ. ಬೇಳೆ ಸಮೇತ ತುದಿ ಹೋದರೆ ಆ ಗಿಡ ಮತ್ತೆ ಚಿಗುರಲ್ಲ. ಅವರೆಯೂ ಇದೇ ಜಾತಿಯ ಮೊಳಕೆ. ಬಟಾಣಿ, ತೊಗರಿಯ ಬೇಳೆ ಮಣ್ಣೊಳಗೇ ಉಳಿಯೋದರಿಂದ ತುದಿ ಹೋದರೂ ಕೆಳಗಿಂದ ಇನ್ನೊಂದು ಚಿಗುರು ಬರುತ್ತೆ.

ಬಯಲುಸೀಮೆ:
ಬಿತ್ತನೆ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕಿರಲಿ, ಮೇಲೆ ಬಿದ್ದ ಕಾಳು ಒಂದೂ ಉಳಿಯಬಾರದು. ನವಿಲು ಮೊದಲು ಕಂಡ ಕಾಳಿಂದ ಶುರುಮಾಡಿ ಸಾಲು ಹಿಡಿದು ಕೆದಕುತ್ತೆ. ಸಾಲಿನ ಮೇಲೆ ತೆಂಗಿನ ಗರಿ ಹಾಸಿ, ಐದಾರು ದಿನಕ್ಕೆ ಮೊಳಕೆ ನೆಲ ಸೀಳಿದ ಸಂಜೆಯೇ ತೆಗೆದುಬಿಡಿ. ಎರಡು ದಿನ ತಡವಾದರೆ ಸಸಿ ಬೆಳ್ಳಗೆ ಸೊರಗಿ ಉದ್ದವಾಗುತ್ತೆ. ಗರಿ ತೆಗೆದ ಹೊತ್ತಿಗೇ ಬದುವಿನ ಸುತ್ತ ಗೂಟ ನೆಟ್ಟು ಮೀನುಗಾಳದ ನೈಲಾನ್ ದಾರ ಒಂದಡಿ, ಎರಡಡಿ ಎತ್ತರಕ್ಕೆ ಎರಡು ಎಳೆ ಬಿಗಿಯಾಗಿ ಕಟ್ಟಿ. ನವಿಲು ಸಾಮಾನ್ಯವಾಗಿ ನಡೆದೇ ಹೊಲಕ್ಕೆ ಇಳಿಯೋದು. ಕಾಣದ ದಾರ ಎದೆಗೆ ತಾಗಿದರೆ ಬೆದರಿ ಹಿಂದೆ ಸರಿಯುತ್ತೆ.

ಬಲೆ ಕೆಲಸ:
ಹಾರಿ ನಡುವೆ ಇಳಿದರೆ?

ಬಯಲುಸೀಮೆ:
ಇಳಿಯೋದುಂಟು. ಅದಕ್ಕೆ ಹೊಲದ ಒಳಗೂ ಎಂಟು ಹತ್ತು ಮೀಟರಿಗೊಂದು ಅಡ್ಡ ಎಳೆ. ದಾರ ಸಡಿಲ ಬಿಡಬೇಡಿ, ಕಾಲಿಗೆ ಸುತ್ತಿಕೊಳ್ಳುತ್ತೆ. ಮೂರು ಎಸಳಿನ ನಿಜವಾದ ಎಲೆ ಬಿಚ್ಚಿದ ಮೇಲೆ ಮೊದಲಿನಷ್ಟು ಕಾಟ ಇರಲ್ಲ, ದಾರ ಸುತ್ತಿ ಎತ್ತಿಡಿ.

ತಾರಸಿ ಕೈತೋಟ:
ಬೀನ್ಸ್ ಸಸಿ ಟ್ರೇಯಲ್ಲಿ ಬೆಳೆಸಿ ನೆಡಬಾರದೇ?

ಬಯಲುಸೀಮೆ:
ಹತ್ತು ಗುಂಟೆಗೆಲ್ಲ ಕೂಲಿ ಗಿಟ್ಟಲ್ಲ ಮೇಡಂ. ಮೊಳಕೆ ಇಲ್ಲದೆ ಹುಸಿ ಬಿದ್ದ ಜಾಗ ತುಂಬೋಕೆ ಮಾತ್ರ ಬಿತ್ತಿದ ದಿನವೇ ಶೇಕಡಾ ಹತ್ತರಷ್ಟು ಕಾಳನ್ನು 50 ಗುಳಿಯ ಟ್ರೇಗೆ ಹಾಕಿ ಬಲೆ ಅಡಿ ಇಡಬಹುದು. ಹತ್ತು ಹನ್ನೆರಡು ದಿನದೊಳಗೆ ನೆಡಬೇಕು, ತಡವಾದರೆ ಬೇರು ಸುತ್ತಿಕೊಂಡು ಗಿಡ ಏಳಲ್ಲ.

ಚಿಂತಾಮಣಿ ಕಡೆಯವನು:
ಸರಿ, ಮರದ ಕಡೆ ನಾಲ್ಕು ಸಾಲಿಗೆ ಬಲೆ, ಉಳಿದ ಟೊಮೆಟೊಗೆ ರಿಬ್ಬನ್, ಬೀನ್ಸಿಗೆ ಗರಿ ಮತ್ತು ದಾರ. ಬಲೆ ಎಷ್ಟು ಬೆಳೆಗೆ ಬರುತ್ತೆ?

ಬಲೆ ಕೆಲಸ:
ವರ್ಷವಿಡೀ ಬಿಸಿಲಲ್ಲಿ ಬಿಟ್ಟರೆ ಎಳೆ ಬೇಗ ಪುಡಿಯಾಗುತ್ತೆ. ಕೊನೆ ಕೊಯ್ಲಾದ ಕೂಡಲೇ ಬಿಚ್ಚಿ, ಬಳ್ಳಿ–ಎಲೆ ಕೊಡವಿ, ಒಣಗಿಸಿ ಪೈಪಿಗೆ ಸುತ್ತಿ ಜಂತಿಯಿಂದ ತೂಗುಹಾಕಿ. ಮೂಟೆ ಕಟ್ಟಿ ಮೂಲೆಗೆ ಹಾಕಿದರೆ ಇಲಿ ಕಡಿದು ಹಾಕುತ್ತೆ. ರಿಬ್ಬನ್ನಿನ ಚೂರೂ ಹೆಕ್ಕಿಕೊಳ್ಳಿ, ಉಳುಮೆಯಲ್ಲಿ ರೋಟವೇಟರಿಗೆ ಸುತ್ತಿಕೊಂಡರೆ ಬಿಡಿಸೋಕೆ ಅರ್ಧ ದಿನ ಬೇಕು.