ಅಪ್‌ಡೇಟ್: ರಾಯಚೂರಿನ ನಮ್ಮ ಕಾಂಪ್ಲೆಕ್ಸ್ ಲೈಟ್ ಬಿಲ್ ಇಳೀತು

ಮೂರಂತಸ್ತಿನ ಕಾಂಪ್ಲೆಕ್ಸ್‌ನಲ್ಲಿ ಕಾರಿಡಾರ್, ಮೆಟ್ಟಿಲು, ಪಾರ್ಕಿಂಗ್ ಲೈಟಿನ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು.

ಗೆದ್ದಿದ್ದು ಮೋಷನ್ ಸೆನ್ಸರ್ ಸಲಹೆ, ಅಂದ್ರೆ ಜನ ಓಡಾಡಿದಾಗ ಮಾತ್ರ ಲೈಟ್ ಹತ್ತಿಸೋ ಸಾಧನ. ಕಾರಿಡಾರ್‌ನಲ್ಲಿ 20 ವ್ಯಾಟಿನ 20 ಎಲ್‌ಇಡಿ ಟ್ಯೂಬ್ ಇವೆ. 12 ತಾಸು ಉರಿದ್ರೆ ದಿನಕ್ಕೆ 4.8 ಯೂನಿಟ್. ಈಗ ಒಟ್ಟು ಮೂರ್ನಾಲ್ಕು ತಾಸು ಉರಿದ್ರೆ ಹೆಚ್ಚು. ಪಾರ್ಕಿಂಗ್‌ಗೆ ಫೋಟೊಸೆಲ್ (ಬೆಳಕು ನೋಡಿ ತಾನೇ ಆನ್-ಆಫ್ ಆಗೋ ಸ್ವಿಚ್) ಹಾಕಿಸಿದ್ವಿ, ಹಗಲಲ್ಲಿ ಲೈಟ್ ಉರಿಯೋದು ನಿಂತಿತು.

ಮೊಬೈಲ್ ಆ್ಯಪ್‌ನಿಂದ ನಡೆಸೋ ವೈಫೈ ಬಲ್ಬ್ ಮಾತ್ರ ಕೈಕೊಟ್ಟಿತು. ಯಾರಾದ್ರೂ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಆ್ಯಪ್‌ನಲ್ಲಿ 'ಆಫ್‌ಲೈನ್', ಅಲ್ಲಿಗೆ ಕಥೆ ಮುಗೀತು.

ಗೊತ್ತಿರದ ಸಂಗತಿ ಒಂದಿತ್ತು. ನಾವು ಮೊದಲು ಹಾಕಿಸಿದ್ದು ಪಿಐಆರ್ ಅನ್ನೋ ಬಗೆಯ ಮೋಷನ್ ಸೆನ್ಸರ್, ಅದು ಮೈಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರೋ ವ್ಯತ್ಯಾಸ ನೋಡಿ ಕೆಲಸ ಮಾಡುತ್ತೆ. ನಮ್ಮೂರ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಎರಡೂ ಒಂದೇ! ತೀರಾ ಹತ್ತಿರ ಹೋಗೋತನಕ ಲೈಟ್ ಹತ್ತಲ್ಲ. ಅದಕ್ಕೇ ಮೆಟ್ಟಿಲಿಗೆ ಮೈಕ್ರೋವೇವ್ ಸೆನ್ಸರ್ (ಶಾಖದ ಬದಲು ರೇಡಿಯೋ ಅಲೆಯಿಂದ ಚಲನೆ ಹಿಡಿಯೋದು) ಹಾಕಿ ಬದಲಿಸಿದ್ವಿ. ಅದಕ್ಕೆ ಪ್ಲೈವುಡ್ ಆಚೆ ಓಡಾಡಿದ್ರೂ ಗೊತ್ತಾಗುತ್ತೆ, ಸೆನ್ಸಿಟಿವಿಟಿ ತಗ್ಗಿಸಿ ಇಡಿ.

ಬಿಲ್ ಅರ್ಧ ಆಗುತ್ತೆ ಅಂದುಕೊಳ್ಳಬೇಡಿ. ಇಳಿಯೋದು ಯೂನಿಟ್ ಹಣ ಮಾತ್ರ. ಫಿಕ್ಸೆಡ್ ಚಾರ್ಜ್ ಮಂಜೂರಾದ ಲೋಡಿನ (ಕನೆಕ್ಷನ್‌ಗೆ ಒಪ್ಪಿಗೆ ಸಿಕ್ಕ ಕಿಲೋವ್ಯಾಟ್) ಮೇಲೆ ಬರುತ್ತೆ. ಅದು ಇಳೀಬೇಕಂದ್ರೆ ಲೋಡ್ ಕಡಿಮೆ ಮಾಡೋಕೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಬೇರೆ ಅರ್ಜಿ ಕೊಡ್ಬೇಕು, ನಾನಿನ್ನೂ ಕೊಟ್ಟಿಲ್ಲ.

ಟಾಯ್ಲೆಟ್‌ಗೆ ಸೆನ್ಸರ್ ಹಾಕೋರು, ಅಲುಗಾಟ ನಿಂತ ಮೇಲೆ ಲೈಟ್ ಆರಿಸೋ ಟೈಮರ್ ಹತ್ತು ನಿಮಿಷಕ್ಕಿಡಿ. ಎಲೆಕ್ಟ್ರಿಷಿಯನ್ ಒಂದು ನಿಮಿಷಕ್ಕಿಟ್ಟು ಹೋಗಿದ್ದ, ಬಟ್ಟೆ ಅಂಗಡಿ ಸಾವ್ಕಾರ್ರು ಕತ್ತಲಲ್ಲಿ ಕೂತು ಕೂಗಿದ್ದು ಇಡೀ ಕಾಂಪ್ಲೆಕ್ಸಿಗೆ ಕೇಳಿಸ್ತು.