ಕಂಪನಿಗಳಿಗೆ ಕಡಿವಾಣ ಬೇಕು ಎನ್ನುವ ಜನ, ಕಾನೂನು ಬಂದಾಗ ಬೇಡ ಎನ್ನುವುದು ಯಾಕೆ?

ಹಬೆಗೂಡು:
ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷವಾಯಿತು. ಕಲ್ಲಿದ್ದಲು ಒಳಗೆ ಹೋಗುವುದು, ಹೊಗೆ ಮೇಲೆ ಹೋಗುವುದು ದಿನಾ ಕಣ್ಣೆದುರೇ ನಡೆಯುತ್ತದೆ. ಹಾಗಾಗಿ ಹವಾಮಾನದ ಮಾತು ಬಂದರೆ ಸುಮ್ನೆ ಕೇಳಿಸಿಕೊಂಡು ಇರಲು ನನಗೆ ಆಗುವುದಿಲ್ಲ.

2024ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು 77 ದೇಶಗಳಲ್ಲಿ 73,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಇನ್ನೂ ಬಿಗಿಯಾದ ಕ್ರಮ ತೆಗೆದುಕೊಳ್ಳಲಿ ಎಂದವರು ನೂರಕ್ಕೆ 80. ಆದರೆ 2018ರಲ್ಲಿ ಫ್ರಾನ್ಸ್ ಇಂಧನ ತೆರಿಗೆ ಏರಿಸಲು ಹೊರಟಾಗ ಜನ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದರು. ಆಸ್ಟ್ರೇಲಿಯಾ 2012ರಲ್ಲಿ ದೊಡ್ಡ ಕಂಪನಿಗಳು ಬಿಡುವ ಇಂಗಾಲಕ್ಕೆ ಬೆಲೆ ಕಟ್ಟಿತು, 2014ರಲ್ಲಿ ಅದನ್ನು ಕೈಬಿಟ್ಟಿತು. ಹಾಗಾದರೆ ಜನಕ್ಕೆ ನಿಜಕ್ಕೂ ಬೇಕೋ, ಬೇಡವೋ?

ನೀಲಿಕೊಡೆ:
ಬೇಕು ಸಾರ್. ಆದರೆ ಯಾವ ರೀತಿಯದು ಎಂದು ನೋಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 2021ರ ಜೂನ್‌ನಲ್ಲಿ ಒಂದು ಕಾನೂನನ್ನು ಜನಮತಕ್ಕೆ ಹಾಕಿದರು. ಅದರಲ್ಲಿ ವಾಹನ ಇಂಧನ, ವಿಮಾನದ ಟಿಕೆಟ್ ಎರಡರ ಮೇಲೂ ಹೊರೆ ಇತ್ತು. 51.6% ಜನ ಬೇಡ ಎಂದರು. ಎರಡೇ ವರ್ಷ ಕಳೆದು ಮತ್ತೊಂದು ಕಾನೂನು ಬಂತು. ಗುರಿ ಇನ್ನೂ ದೊಡ್ಡದು: 2050ಕ್ಕೆ ನೆಟ್ ಝೀರೋ, ಅಂದರೆ ಬಿಡುವ ಇಂಗಾಲವೂ ವಾತಾವರಣದಿಂದ ವಾಪಸ್ ತೆಗೆಯುವ ಇಂಗಾಲವೂ ಸರಿಸಮ. ಆದರೆ ಹೊಸ ತೆರಿಗೆ ಇರಲಿಲ್ಲ. ಮನೆಗಳ ಹಳೆಯ ಹೀಟರ್ ಬದಲಿಸಲು 10 ವರ್ಷಕ್ಕೆ 200 ಕೋಟಿ ಫ್ರಾಂಕ್, ಉದ್ಯಮಗಳ ಹೊಸ ತಂತ್ರಜ್ಞಾನಕ್ಕೆ 120 ಕೋಟಿ ಎಂದು ಬರೆದಿದ್ದರು. 59.1% ಜನ ಹೌದು ಎಂದರು. ಅದೇ ಜನ ಅಲ್ವಾ?

ಲೆಕ್ಕದಪುಸ್ತಕ:
ದುಡ್ಡು ಕೊಟ್ಟರೆ ಯಾರೂ ಹೌದು ಅನ್ನುತ್ತಾರೆ. ನನ್ನ ಚಿಂತೆ ಬೇರೆ. ನಿಯಮ ಕಂಪನಿಗೆ, ಬಿಲ್ಲು ನಮಗೆ. ಯುರೋಪಿನಲ್ಲಿ 2005ರಲ್ಲಿ ಕಂಪನಿಗಳು ಬಿಡುವ ಇಂಗಾಲಕ್ಕೆ ತಕ್ಕಷ್ಟು ಪರವಾನಗಿ ಇಟ್ಟುಕೊಳ್ಳಬೇಕು ಎಂಬ ವ್ಯವಸ್ಥೆ ಶುರುವಾದಾಗ ಹೆಚ್ಚಿನ ಪರವಾನಗಿಗಳನ್ನು ಪುಕ್ಕಟೆ ಹಂಚಿದರು. ವಿದ್ಯುತ್ ಕಂಪನಿಗಳು ಪುಕ್ಕಟೆ ಸಿಕ್ಕಿದ್ದಕ್ಕೂ ಬೆಲೆ ಕಟ್ಟಿ ಕರೆಂಟಿನ ದರಕ್ಕೆ ಸೇರಿಸಿದವು. ಮುಂದೆ ವಿದ್ಯುತ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುವಂತೆ ನಿಯಮ ಬದಲಾಯಿತು, ನಿಜ. ಆದರೆ ಒಮ್ಮೆ ಹೋದ ನಂಬಿಕೆ ಅಷ್ಟು ಬೇಗ ವಾಪಸ್ ಬರುವುದಿಲ್ಲ. ವಿರೋಧಿಸುವವರೆಲ್ಲ ಹವಾಮಾನ ಬದಲಾವಣೆಯನ್ನೇ ನಂಬದವರು ಎಂದು ದಯವಿಟ್ಟು ತಿಳಿಯಬೇಡಿ.

ಹಬೆಗೂಡು:
ಇಬ್ಬರಿಗೂ ಧನ್ಯವಾದ. ನನ್ನದೇ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಇಂಧನದ ಲೆಕ್ಕ ಇಡುವುದು ಕಡ್ಡಾಯವಾಯಿತು. ಪ್ರತಿ ಪಾಳಿಯಲ್ಲೂ ಎಷ್ಟು ಕಲ್ಲಿದ್ದಲು, ಎಷ್ಟು ನೀರು ಎಂದು ಬರೆಯಬೇಕು. ಎಲ್ಲರೂ ಗೊಣಗಿದೆವು, ನಾನೇ ಜಾಸ್ತಿ. ಮೂರನೇ ವಾರದ ಹೊತ್ತಿಗೆ ಲೆಕ್ಕ ತಾಳೆಯಾಗಲಿಲ್ಲ. ಬಟ್ಟೆ ಕಡಿಮೆ ಬಂದ ದಿನವೂ ಕಲ್ಲಿದ್ದಲು ಅಷ್ಟೇ ಉರಿದಿತ್ತು. ಪೈಪಿನ ಜಾಡು ಹಿಡಿದು ಹೋದರೆ ಹಬೆಯನ್ನು ತಡೆದು, ಅದು ತಣಿದು ಆದ ನೀರನ್ನು ಮಾತ್ರ ಹೊರಬಿಡಬೇಕಾದ ಐದು ಸ್ಟೀಮ್ ಟ್ರ್ಯಾಪ್‌ಗಳು ತೆರೆದ ಬಾಯಿ ಮುಚ್ಚದೆ ನಿಂತಿದ್ದವು. ಬಿಸಿ ಹಬೆ ಯಂತ್ರದಲ್ಲಿ ಕೆಲಸ ಮಾಡುವ ಬದಲು ನೇರವಾಗಿ ನೀರಿನ ಟ್ಯಾಂಕಿಗೆ ಹೋಗುತ್ತಿತ್ತು. ಆ ಟ್ಯಾಂಕಿನಿಂದ ಹಬೆ ಏಳುವುದನ್ನು ವರ್ಷಗಟ್ಟಲೆ ನೋಡಿದ್ದೆ. ಅದು ಇರುವುದೇ ಹಾಗೆ ಎಂದುಕೊಂಡಿದ್ದೆ! ಟ್ರ್ಯಾಪ್ ಬದಲಿಸಿದ ಮೇಲೆ ಕಲ್ಲಿದ್ದಲು ಕಡಿಮೆಯಾಯಿತು. ಯಾರ ಕೆಲಸವೂ ಹೋಗಲಿಲ್ಲ.

ಆದರೆ ಆ ಪುಸ್ತಕವನ್ನು ನಾನು, ಮಾಲೀಕರು, ತಪಾಸಣೆಗೆ ಬರುವವರು ಬಿಟ್ಟರೆ ಯಾರೂ ನೋಡಿಲ್ಲ. ನಮ್ಮ ಚಿಮಣಿಯ ಹೊಗೆ ಕುಡಿಯುವ ಅಕ್ಕಪಕ್ಕದವರಿಗೆ ನಿಯಮದಿಂದ ಏನಾಯಿತು ಎಂದು ಗೊತ್ತೇ ಇಲ್ಲ. ಲೆಕ್ಕದಪುಸ್ತಕ ಅವರು ಹೇಳಿದ ನಂಬಿಕೆ ಆ ಅಕ್ಕಪಕ್ಕದವರಿಗೆ ಎಲ್ಲಿಂದ ಬರಬೇಕು? ತಿಂಗಳ ಲೆಕ್ಕವನ್ನು ಗೇಟಿನ ಹೊರಗಿನ ಬೋರ್ಡಿನಲ್ಲಿ ಬರೆಯೋಣ ಎಂದು ನಾಳೆ ಮಾಲೀಕರನ್ನು ಕೇಳುತ್ತೇನೆ. ಏನೆಂದರು ಎಂದು ಇಲ್ಲೇ ಬಂದು ತಿಳಿಸುತ್ತೇನೆ.